ಕಮಲಾಬಾಯಿಗೆ ಓದಿದ್ದು

ಕುದಿಸಿ ಆರಿಸಿದ ಕಪ್ಪು ದ್ರಾಕ್ಷಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಿದ್ದ ವಿದ್ಯಾವತಿಗೆ ತನ್ನ ಕೈ ನಿಂತು ಎಷ್ಟೋ ಹೊತ್ತಾಗಿದೆ ಎಂದು ತಿಳಿದದ್ದು, ರಸ ಪಾತ್ರೆಗೆ ತೊಟ್ಟಿಕ್ಕುವ ಸದ್ದು ನಿಂತಾಗ. ಬೆರಳುಗಳು ಗಿಣ್ಣಿನವರೆಗೂ ನೇರಳೆಯಾಗಿದ್ದವು. ಈ ಬಣ್ಣ ಎರಡು ದಿನ ಹೋಗುವುದಿಲ್ಲ. ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿನ ಹಾಲ್‌ನಲ್ಲಿ ಕೂತಾಗಲೂ ಉಗುರಿನ ಸಂದಿಯಲ್ಲಿ ಇರುತ್ತದೆ, ಹೆಂಗಸರು ಅದನ್ನು ನೋಡಿ ಈ ಸಲದ ರಸವೂ ವಿದ್ಯಾವತಿಯದೇ ಎಂದುಕೊಳ್ಳುತ್ತಾರೆ. ಬೀದರದಲ್ಲಿ ಅವಳ ತಾಯಿ, ಆರಾಧನೆಯಲ್ಲಿ ಎಲ್ಲರೂ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಒಣದ್ರಾಕ್ಷಿ ನೆನೆಹಾಕಿ ಕಿವುಚುತ್ತಿದ್ದಳು. ಇಲ್ಲಿ ನಾಸಿಕದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೈಗಾಡಿಯವನು ಬಾಗಿಲಿಗೇ ಹಣ್ಣು ತಂದು ಸುರಿಯುತ್ತಾನೆ. ಹಾಗೆಂದು ಅವಳ ಗಂಡ ವೈಜನಾಥ ಊರಿಗೆ ಹೋದಾಗಲೆಲ್ಲ ತಾನೇ ತೋಟ ಮಾಡಿದವನಂತೆ ಹೇಳಿಕೊಳ್ಳುತ್ತಾನೆ. ಅವನು ಈಗ ಹೊರಗಿನ ಕೋಣೆಯಲ್ಲಿ ಫೋನಿನ ಮೇಲಿದ್ದ. ಓಝರಿನ ವಿಮಾನದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು ಮನೆಯಲ್ಲೂ ಯಂತ್ರದ ಸದ್ದಿನ ಮೇಲೆಯೇ ಮಾತಾಡುತ್ತಾನೆ.

"ವಿದ್ಯಾ, ಪಾಸ್ಟರ್ ಸಾಹೇಬ್ರು ಭಾನುವಾರ ಮುಂಜಾನಿ ಔರಂಗಾಬಾದದಿಂದ ಲಗೂನೇ ಹೊಂಡ್ತಾರಂತ. ಎಷ್ಟು ಮಂದಿ ಆಗ್ತಾರ ಅಂತ ಕೇಳ್ಲಾಕತ್ತಾರ. ಕಮಲಾಬಾಯಿನ್ನ ಹಿಡೀಲ್ಯೋ ಬಿಡ್ಲ್ಯೋ?"

"ಹಿಡೀರಿ."

"ಹಿಡೀತೀನಿ ತೊಗೊ. ಆಕಿ ಬಂದ್ರ ಮತ್ತ ಯಾವ್ದರ ಹೊಸಾ ಸುವಾರ್ತೆ ತರ್ತಾಳ, ನಮಗೂ ಹೊತ್ತು ಹೋಗ್ತದ." ಫೋನಿನ ಆ ಕಡೆಯವರಿಗೂ ಕೇಳಲಿ ಎಂಬಂತೆ ನಕ್ಕ. ಊರಿನ ಹೆಸರು ಸಂಭಾಜಿನಗರ ಎಂದಾಗಿ ಬಸ್ಸಿನ ಹಣೆಯ ಮೇಲೆ ಬರೆದು ಎಷ್ಟು ಕಾಲವಾದರೂ ಅವನ ಬಾಯಲ್ಲಿ ಇನ್ನೂ ಔರಂಗಾಬಾದವೇ. ವಿದ್ಯಾವತಿ ಬಟ್ಟೆಯನ್ನು ಮತ್ತೆ ಗಟ್ಟಿಯಾಗಿ ತಿರುವಿದಳು. ಒಳಗೆ ಉಳಿದದ್ದು ಸಿಪ್ಪೆ, ಬೀಜ ಅಷ್ಟೇ ಎಂದು ಗೊತ್ತಿದ್ದರೂ ಇನ್ನಷ್ಟು ತಿರುವಿದಳು.

ಮೂರು ವಾರದಿಂದ ಅವಳು ಕಮಲಾಬಾಯಿಯ ಮನೆಗೆ ಹೋಗಿರಲಿಲ್ಲ. ಮೊದಲ ವಾರ ನೆಗಡಿ ಎಂದಳು, ಎರಡನೆಯ ವಾರ ನೆಂಟರು ಎಂದಳು, ಮೂರನೆಯ ವಾರ ಯಾರೂ ಕೇಳಲಿಲ್ಲ. ಅದಕ್ಕೂ ಮುಂಚೆ ಒಂದು ವರ್ಷದ ಮೇಲಾಯಿತು, ವಾರಕ್ಕೆ ಮೂರು ಮಧ್ಯಾಹ್ನ ಸಿಟಿ ಬಸ್ ಹತ್ತಿ ಸಾತಪುರಕ್ಕೆ ಹೋಗಿ ಆ ಮುದುಕಿಗೆ ಸತ್ಯವೇದ ಓದಿ ಬರುತ್ತಿದ್ದಳು. ಕಮಲಾಬಾಯಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೂ ಮಸುಕು ಬೆಳಕಿನ ಹೊರತು ಏನೂ ಕಾಣುವುದಿಲ್ಲ. ಕಾಣುತ್ತಿದ್ದಾಗಲೂ ಓದಲು ಬರುತ್ತಿರಲಿಲ್ಲ. ಮನೆಯಲ್ಲಿರುವವಳು ಸೊಸೆ ರುಚಿತಾ, ಮರಾಠಿಯವಳು. ಅವಳು ಮರಾಠಿ ಬೈಬಲ್ ಓದಿ ಹೇಳಲು ಹೋದರೆ ಮುದುಕಿ, "ಆ ಭಾಷಾದಾಗ ಯೇಸಪ್ಪ ಬಾಡಗಿ ಕೇಳ್ಲಾಕ ಬಂದಂಗ ಅನಸ್ತದ," ಎನ್ನುತ್ತಿದ್ದಳಂತೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಮಾತ್ರ ಜಿಲೇಬಿಯ ಹಾಗೆ ಕಾಣುತ್ತದೆ. ಹೀಗಾಗಿ ಇಡೀ ಸಾತಪುರದಲ್ಲಿ ಆ ಪುಸ್ತಕ ಬಾಯಿ ತೆರೆಯಬೇಕಾದರೆ ವಿದ್ಯಾವತಿಯೇ ಹೋಗಬೇಕು. ತಾನು ಹೋಗದಿದ್ದರೆ ಅದು ಕಪಾಟಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ ಎನ್ನುವುದು ಮೊದಮೊದಲು ಅವಳಿಗೆ ಹೆಮ್ಮೆಯಾಗಿತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೀಯಮ್ಮಾ ಎಂದು ಕೂಟದ ಹೆಂಗಸರು ಹೇಳಿದಾಗ ತಲೆ ತಗ್ಗಿಸುವ ಅವಳ ರೀತಿಯೇ ಬೇರೆಯಾಗಿತ್ತು.

ಮತ್ತಾಯನ ಸುವಾರ್ತೆ ಮುಗಿಯುತ್ತ ಬಂದಿದ್ದ ಜನವರಿಯ ಆ ಮಧ್ಯಾಹ್ನ, ಯೇಸುವನ್ನು ಅರಿಯೆನೆಂದ ಪೇತ್ರನು ಹೊರಗೆ ಹೋಗಿ ಅತ್ತ ಭಾಗ ಓದಿ ಕಣ್ಣು ಕೆಳಗಿನ ಸಾಲಿಗೆ ಹೋದಾಗ ಅವಳಿಗೆ ಮುಂದಿನದು, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಉರುಲು ಹಾಕಿಕೊಂಡದ್ದು ಎಂದು ಹೊಳೆಯಿತು. ಎಷ್ಟೋ ಸಲ ಓದಿದ್ದರೂ ಆ ಮನೆಯಲ್ಲಿ ಅದು ಬರುತ್ತದೆ ಎಂದು ಮುಂಚೆ ಯೋಚಿಸಿರಲಿಲ್ಲ. ಎದುರಿಗೆ ಕಮಲಾಬಾಯಿ ಮೊಳಕಾಲು ಮಡಚಿ, ಕೇಳುವ ಕಿವಿಯನ್ನು ಮುಂದೆ ಮಾಡಿ ಕೂತಿದ್ದಳು. ಗೋಡೆಯ ಮೇಲೆ ಮಗ, ರುಚಿತಾಳ ಗಂಡ ಅಭಿಜಿತನ ಫೋಟೊ. ಅವನೂ ತಾನೇ ಜೀವ ಕಳೆದುಕೊಂಡವನೇ. ಸಂಭಾಜಿನಗರದ ಹೊರಗಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ; ಸಂಘ ಕಟ್ಟುತ್ತಿದ್ದ ಒಂಬತ್ತು ಜನರ ಹೆಸರನ್ನು ಮ್ಯಾನೇಜರಿಗೆ ಬರೆದುಕೊಟ್ಟ; ಒಂಬತ್ತೂ ಜನ ಹೊರಗೆ ಬಿದ್ದರು; ಮೂರು ತಿಂಗಳಿಗೆ ಇವನೂ ಇಲ್ಲವಾದ. ಊರಲ್ಲಿ ಅವನನ್ನು ಯೂದ ಎಂದೇ ಕರೆದರು ಎನ್ನುವುದು ಕಮಲಾಬಾಯಿಗೂ ಗೊತ್ತಿತ್ತು, ಯಾರೋ ಅವರ ಬಾಗಿಲ ಮೇಲೆ ಆ ಹೆಸರನ್ನೇ ಸೀಮೆಸುಣ್ಣದಲ್ಲಿ ಬರೆದು ಹೋಗಿದ್ದರು. ವಿದ್ಯಾವತಿ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಓದುವ ಧ್ವನಿಯಲ್ಲೇ, ಯೂದನೂ ಅತ್ತನು ಎಂದಳು. ಶಿಲುಬೆ ಹೊತ್ತು ಗುಡ್ಡ ಏರುವಾಗ ಯೇಸು ಗುಂಪಿನಲ್ಲಿ ಅವನನ್ನು ಕಂಡು ನಿಂತನು ಎಂದಳು. ಮನೆಗೆ ಹೋಗು, ನಿನ್ನ ತಾಯಿ ದಾರಿ ನೋಡುತ್ತಿದ್ದಾಳೆ ಎಂದು ಹೇಳಿದನು ಎಂದಳು. ಅಷ್ಟು ಸಲೀಸಾಗಿ ಬಂತು. ಸುಳ್ಳಿಗೆ ಇಷ್ಟು ಒಳ್ಳೆಯ ಭಾಷೆ ತನ್ನೊಳಗೆ ಎಲ್ಲಿತ್ತು ಎಂದು ಬಸ್ಸಿನಲ್ಲಿ ಬರುವಾಗ ಬೆರಗಾಗಿತ್ತು. ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಿದ್ದಳು.

ಕನ್ನಡದವರ ಕೂಟ ಸೇರುವುದು ಮೂರನೆಯ ಭಾನುವಾರ, ಮರಾಠಿ ಚರ್ಚಿನ ಹಿಂದಿನ ಹಾಲ್‌ನಲ್ಲಿ, ಅವರ ಆರಾಧನೆ ಮುಗಿದ ಮೇಲೆ. ಪಾಠ ಓದಿದ ಮೇಲೆ ಯಾರು ಬೇಕಾದರೂ ಎದ್ದು, ಆ ವಚನ ತಮಗೆ ಈ ವಾರ ಎಲ್ಲಿ ಸಿಕ್ಕಿತು ಎಂದು ಹೇಳುವ ರೂಢಿ. ಲಾಸಲಗಾಂವದಲ್ಲಿ ಹಮಾಲಿ ಮಾಡುವ ಮುತ್ತು, ಕಳೆದುಹೋದ ಕುರಿಯ ಪಾಠಕ್ಕೆ, ಕಳೆದು ಸಿಕ್ಕ ಉಳ್ಳಾಗಡ್ಡಿ ಚೀಲದ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದ. ಫೆಬ್ರವರಿಯಲ್ಲಿ ಪೇತ್ರನ ಪಾಠ ಬಂದಾಗ, ಎರಡು ವರ್ಷದಲ್ಲಿ ಮೊದಲ ಸಲ, ಕಮಲಾಬಾಯಿ ಗೋಡೆ ಹಿಡಿದು ಎದ್ದಳು. "ಪೇತ್ರ ಒಬ್ಬನೇ ಅತ್ತಿಲ್ಲರಿ. ಯೂದನೂ ಅತ್ತಾನ. ಯೇಸಪ್ಪ ಶಿಲುಬಿ ಹೊತ್ಕೊಂಡು ಹೋಗೋ ದಾರ್ಯಾಗ ನಿಂತು, ಮನಿಗಿ ಹೋಗಪ್ಪ, ನಿಮ್ಮವ್ವ ದಾರಿ ನೋಡ್ಲಾಕತ್ತಾಳ ಅಂದಾನ. ಅದನ್ನ ಕೇಳಿದಾಗಿಂದ ನನಗ ನಿದ್ದಿ ಬರ್ಲಾಕತ್ತದ." ಪಾಸ್ಟರ್ ಶಿವಕಾಂತ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಬಹಳ ಮೆತ್ತಗೆ, "ಅಮ್ಮಾ, ಹಾಂಗಿಲ್ಲಲ್ಲ. ಸತ್ಯವೇದದಾಗ ಆ ಮಾತು ಎಲ್ಲೂ ಇಲ್ಲ," ಎಂದರು. "ಅದ," ಎಂದಳು ಮುದುಕಿ, "ನನಗ ಓದಿ ಹೇಳ್ಯಾರ." "ಯಾರು ಓದ್ಯಾರ?" ಕಮಲಾಬಾಯಿ ಯಾರ ಹೆಸರನ್ನೂ ಹೇಳಲಿಲ್ಲ, ವಿದ್ಯಾವತಿ ಕೂತಿದ್ದ ಕಡೆ ಮುಖ ಸಹ ತಿರುಗಿಸಲಿಲ್ಲ. ವಿದ್ಯಾವತಿ ಗೀತೆಯ ಪುಸ್ತಕದ ಮೂಲೆಯನ್ನು ಮಡಚಿ ಬಿಡಿಸಿದಳು, ಮಡಚಿ ಬಿಡಿಸಿದಳು. ಆಗ ಗಂಡಸರ ಸಾಲಿನಿಂದ ವೈಜನಾಥನ ನಗು ಬಂತು. ಅದರ ಹಿಂದೆ ಮತ್ತೆ ನಾಲ್ಕಾರು. ಪಾಸ್ಟರ್ ಪುಟ ತೆಗೆದು ಇದ್ದದ್ದನ್ನು ಓದಿದರು, ತಪ್ಪು ತಿದ್ದುವುದು ಅವರ ಕೆಲಸ. ಕಮಲಾಬಾಯಿ ನಿಂತೇ ಕೇಳಿ, ಆಮೇಲೆ ಕೂರಲು ಗೋಡೆ ಹುಡುಕಿದಳು. ಪಕ್ಕದವರು ಕೈ ಹಿಡಿದು ಕೂರಿಸಿದರು. ಆ ಪಕ್ಕದವರು ವಿದ್ಯಾವತಿ ಅಲ್ಲ.

ಪಾತ್ರೆಗೆ ತಟ್ಟೆ ಮುಚ್ಚುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ರುಚಿತಾ. "ಆಂಟಿ, ಆಜ್ ಯೇಣಾರ್ ಕಾ ತುಮ್ಹಿ? ಬರ್ತೀರಿ ಏನು? ಆಯಿ ಸರಿ ಊಟಾ ಮಾಡೂದಿಲ್ಲ. ಪುಸ್ತಕ ತೊಡಿ ಮ್ಯಾಲೆ ಇಟ್ಕೊಂಡು ಬಸ್ ಕೂತಾರ, ನುಸತ್ಯಾ, ಸುಮ್ಮನೇ." ಹೂಂ ಬರುತ್ತೇನೆ ಎಂದದ್ದು ತನ್ನ ಬಾಯಿಯೇ ಎಂದು ನಂಬಲು ವಿದ್ಯಾವತಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಶುಕ್ರವಾರದ ಮಧ್ಯಾಹ್ನ ಬಸ್ಸು ಖಾಲಿ. ಕಿಟಕಿಯ ಪಕ್ಕ ಕೂತು ನೇರಳೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕಂಡಕ್ಟರ್ ಹರಿದುಕೊಟ್ಟ ಚೀಟಿಯನ್ನು ಎಂದಿನಂತೆ ಮಡಚಿ ಕುಪ್ಪಸದೊಳಗೆ ಇಡದೆ ಕೈಯಲ್ಲೇ ಹಿಡಿದಳು. ಕಮಲಾಬಾಯಿಯ ಸತ್ಯವೇದದೊಳಗೂ ಒಂದು ಟಿಕೀಟಿದೆ. ಅಭಿಜಿತ ಹೋದ ಮೇಲೆ ಅವನ ಅಂಗಿಯ ಕಿಸೆಯಲ್ಲಿ ಸಿಕ್ಕದ್ದು, ಸಂಭಾಜಿನಗರದಿಂದ ನಾಸಿಕಕ್ಕೆ, ಅವನು ತೀರಿಕೊಳ್ಳುವ ನಾಲ್ಕು ದಿನ ಮುಂಚಿನ ಸೋಮವಾರದ್ದು. ನಾಸಿಕಕ್ಕೆ ಬಂದವನು ತಾಯಿಯ ಮನೆಗೆ ಬರಲಿಲ್ಲ. ಯಾರ ಮನೆಗೆ ಹೋಗಿದ್ದ? ಓದು ಮುಗಿದ ಮೇಲೆ ಕಮಲಾಬಾಯಿ ಪ್ರತಿ ಸಲ ಅದನ್ನು ಕೇಳುತ್ತಾಳೆ, ಉತ್ತರಕ್ಕಲ್ಲ, ಪ್ರಾರ್ಥನೆಯ ಕೊನೆಗೆ ಆಮೆನ್ ಅನ್ನುವ ಹಾಗೆ. "ತಾರೀಖ ಇನ್ನಾ ಕಾಣ್ತದೇನು ವಿದ್ಯಾ?" ಎಂದೂ ಕೇಳುತ್ತಾಳೆ. ಮಷೀನಿನ ಆ ಕಾಗದ ಯಾವಾಗಲೋ ಬೆಳ್ಳಗಾಗಿ ಹೋಗಿದೆ, ಅದರ ಮೇಲೆ ಏನೂ ಇಲ್ಲ. "ಕಾಣ್ತದ ಕಾಕು," ಎನ್ನುತ್ತಾಳೆ ವಿದ್ಯಾವತಿ. ಆ ಸೋಮವಾರ ಅವನು ಬಂದದ್ದು ಅವಳ ಮನೆಗೆ.

ಮಳೆಯಿತ್ತು. ವೈಜನಾಥ ಪಾಳಿಗೆ ಹೋಗಿದ್ದ. ಹೆಂಗಸರ ಕೂಟಕ್ಕೆಂದು ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಅಭಿಜಿತ ಚಪ್ಪಲಿ ಬಿಟ್ಟು ಅಡುಗೆಮನೆಯ ಬಾಗಿಲಿನಲ್ಲಿ ನಿಂತ, ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು, ಒರೆಸಬೇಕಲ್ಲ ಎಂದು ಅವಳಿಗೆ ಮೊದಲು ಬಂದ ಯೋಚನೆ ಅದು. "ಆಂಟಿ, ನಾ ಒಂದು ಕೆಲಸ ಮಾಡೀನಿ," ಎಂದ. ಒಂಬತ್ತು ಹೆಸರನ್ನೂ ಒಂದೊಂದಾಗಿ ಹೇಳಿದ, ಶಾಲೆಯ ಹಾಜರಿಯ ಹಾಗೆ. ಬರೆದುಕೊಟ್ಟ ಕಾಗದ ವಾಪಸು ಕೊಡಿ ಎಂದು ಕೇಳಲು ಹೋದರೆ ಮ್ಯಾನೇಜರ್ ಕೋಣೆಯೊಳಗೇ ಬಿಡಲಿಲ್ಲ ಎಂದ. "ಅವ್ವಗ ಹೇಳ್ಲಾಕ ಆಗವಲ್ದು. ನಿಮಗ ಸತ್ಯವೇದ ಓದೂದು ಗೊತ್ತದ, ಅದಕ್ಕ ಬಂದೆ." ಅವಳು ಗಡಿಯಾರ ನೋಡಿದಳು. ಸೀರೆಯ ಅಂಚು ಇನ್ನೂ ಉಳಿದಿತ್ತು. ಕೋಪವೂ ಬಂದಿತ್ತು, ಒಂಬತ್ತು ಮನೆಯ ಒಲೆ ಆರಿಸಿ ಬಂದು ತನ್ನ ಬಾಗಿಲಲ್ಲಿ ನೀರು ಸುರಿಸುತ್ತಾನಲ್ಲ ಎಂದು. "ನನ್ನ ಮುಂದ ಹೇಳಿದ್ರ ನಾ ಏನ್ ಮಾಡ್ಲಪ್ಪ? ಮಾಡಾಂವ ನೀ, ನೀನೇ ನೋಡ್ಕೊ. ಪ್ರಾರ್ಥನಾ ಮಾಡು," ಎಂದಳು. ಚಹಾ ಕೊಟ್ಟಳು. ನಿಂತೇ ಅರ್ಧ ಕುಡಿದ. ಬರ್ತೀನಿ ಆಂಟಿ ಎಂದ. ಅವನು ಹೋದ ಮೇಲೆ ನೆಲ ಒರೆಸಿದಳು, ಕೂಟಕ್ಕೆ ಹತ್ತು ನಿಮಿಷ ತಡವಾಯಿತು. ಇದನ್ನು ಅವಳು ಗಂಡನಿಗೂ ಹೇಳಿಲ್ಲ. ಕಮಲಾಬಾಯಿಗೆ ಓದಲು ಹೋಗತೊಡಗಿದ್ದು ಅದಾದ ಎಂಟು ತಿಂಗಳಿಗೆ. ಜನ ಅದನ್ನು ಸೇವೆ ಎಂದರು.

ಬಾಗಿಲು ತೆರೆದ ರುಚಿತಾ ಒಳಗೆ ಬಿಡದೆ ಮೆಟ್ಟಿಲ ಮೇಲೇ ನಿಲ್ಲಿಸಿದಳು. ಕೆಲಸಕ್ಕೆ ಹೊರಟ ಬಟ್ಟೆ, ಹೆಗಲಿಗೆ ಚೀಲ. ದನಿ ತಗ್ಗಿಸಿ, "ಆಂಟಿ, ಖರಂ ಸಾಂಗ್ತೆ, ಖರೇ ಹೇಳ್ತೀನಿ. ನೀವು ತಪ್ಪು ಹೇಳಿದ್ದು ನನಗ ಗೊತ್ತಿತ್ತು. ಮರಾಠೀತ್ ಬಘಿತಲಂ ಮೀ, ಮರಾಠಿ ಬೈಬಲ್‌ದಾಗ ನೋಡಿದೆ, ಅದೇ ದಿವಸ," ಎಂದಳು.

"ಮತ್ತ ಯಾಕ ಸುಮ್ಮನಿದ್ದಿ?"

"ಆಯಿ ಮಲಗ್ಲಾಕತ್ತಿದ್ರಲ್ಲ! ಎರಡು ವರ್ಷ ಆಗಿತ್ತು ಆಂಟಿ, ಆ ಬಾಯಿ ಮಲಗಿ. ನಾನೂ ಮಲಗಿದೆ." ಅವಳ ಕಣ್ಣ ಕೆಳಗೆ ಮತ್ತೆ ಕಪ್ಪು ಕಟ್ಟಿತ್ತು. "ಈಗ ನೀವೇ ಹೇಳ್ರಿ, ಪಾಸ್ಟರ್ ಚುಕಲೇ ಅಂತ, ಪಾಸ್ಟರದೇ ತಪ್ಪು ಅಂತ. ನಿಮ್ಮ ಮಾತು ಕೇಳ್ತಾರ. ದೇವ ಕಾಯ್ ಕರಣಾರ್? ದೇವರು ಒಂದು ಸುಳ್ಳಿಗೆ ಏನು ಮಾಡ್ತಾನ, ನಾನು ನೋಡ್ಕೋತೀನಿ." ನಕ್ಕಳೋ ಏನೋ, ಮೂಗು ಎಳೆದುಕೊಂಡು ಮೆಟ್ಟಿಲಿಳಿದು ಹೋದಳು.

ಕಮಲಾಬಾಯಿ ಕಿಟಕಿಯ ಕೆಳಗೆ ಚಾಪೆಯ ಮೇಲಿದ್ದಳು. ತೊಡೆಯ ಮೇಲೆ ಸತ್ಯವೇದ, ತೆರೆದಿರಲಿಲ್ಲ. ಹೆಜ್ಜೆ ಗುರುತು ಹಿಡಿದು, "ಬಾ. ನೆಗಡಿ ಹೋಯ್ತೇನು?" ಎಂದಳು.

"ಹೋಯ್ತು ಕಾಕು."

"ನೆಂಟರು ಹ್ವಾದ್ರೇನು?"

"ಹ್ವಾದ್ರು."

"ಛಲೋ ಆಯ್ತು. ನೆಂಟರು ಮತ್ತು ನೆಗಡಿ, ಎರಡೂ ಬಂದ್ರ ಲಗೂನ ಹೋಗೂದಿಲ್ಲ." ವಿದ್ಯಾವತಿಯ ಕೈಯನ್ನು ತಾನೇ ಹುಡುಕಿ ಹಿಡಿದು ಮೂಸಿದಳು. "ದ್ರಾಕ್ಷಿ. ಭಾನುವಾರಕ್ಕ?" ಕೈ ಬಿಟ್ಟಳು. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತು ನೀ ಓದಿದ್ದು ಪುಸ್ತಕದಾಗಿಂದಲ್ಲ ಅಂತ ನನಗ ಅವತ್ತೇ ಗೊತ್ತಿತ್ತು."

ವಿದ್ಯಾವತಿ ಕೂತಳು.

"ನೀ ಓದೂ ಮುಂದ ಹಲ್ಲು ಕಚ್ಚಿ ಓದ್ತಿ, ದವಾಖಾನಿ ಬಾಯಿ ಗುಳಗಿ ಹೆಸರು ಓದಿದಂಗ. ಅವತ್ತು ಮನಿ ಧ್ವನಿ ಇತ್ತು. ನಿಮ್ಮವ್ವ ದಾರಿ ನೋಡ್ಲಾಕತ್ತಾಳ ಅಂದಾಗ ನಿನ್ನ ಗಂಟಲ ಹಿಡೀತು. ಪುಸ್ತಕ ಓದೋರಿಗಿ ಗಂಟಲ ಹಿಡ್ಯೂದಿಲ್ಲ." ಮುದುಕಿ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ಇರ್ಲಿ ಅಂದೆ. ಯಾರೋ ನನ್ನ ಮಗನ ಸಲವಾಗಿ ಯೇಸಪ್ಪನ ಬಾಯಾಗ ಒಂದು ಮಾತು ಇಟ್ಟಾರಲ್ಲ ಅಂದೆ. ನಾಕು ಮಂದ್ಯಾಗ ಹೇಳಿ ನೋಡ್ತೀನಿ, ನೀ ಎದ್ದು, ಹೌದು ನಾನೇ ಓದೀನಿ ಅಂತಿಯೇನೋ ಅಂತ ಇತ್ತು. ನೀ ಅನ್ಲಿಲ್ಲ. ನಕ್ರು. ನಕ್ಕಿದ್ದಕ್ಕೇನಿಲ್ಲ ಬಿಡು, ನಿನ್ನ ಗಂಡ ಹುಟ್ಟಿದಾಗಿಂದ ನಕ್ಕೋತೇ ಬಂದಾನ."

"ಕಾಕು, ನಾ..."

"ಈಗ ಇದ್ದಂಗ ಓದು. ಪಾಸ್ಟರ್ ಓದಿದಾಗ ನನಗ ಕಿವ್ಯಾಗ ಬರೇ ನಗಿ ಇತ್ತು, ಕೇಳ್ಲಿಲ್ಲ."

ಪುಸ್ತಕ ಬಿಚ್ಚಿದರೆ ಅದು ಬೆಳ್ಳನೆಯ ಟಿಕೀಟಿದ್ದ ಜಾಗದಲ್ಲೇ ಬಿಚ್ಚಿಕೊಂಡಿತು. ಟಿಕೀಟನ್ನು ಸರಿಸಿ ಮತ್ತಾಯನ ಕೊನೆಯ ಪುಟಗಳಿಗೆ ಬಂದಳು. ಯೂದನು ತಾನು ಹಿಡಿದುಕೊಟ್ಟವನಿಗೆ ಮರಣದಂಡನೆಯಾಯಿತೆಂದು ತಿಳಿದು ಪಶ್ಚಾತ್ತಾಪಪಟ್ಟದ್ದು, ಮೂವತ್ತು ಬೆಳ್ಳಿ ನಾಣ್ಯವನ್ನು ಯಾಜಕರ ಬಳಿಗೆ ವಾಪಸು ತಂದದ್ದು, ತಪ್ಪಿಲ್ಲದವನನ್ನು ಒಪ್ಪಿಸಿ ಪಾಪ ಮಾಡಿದೆ ಎಂದು ಅವರ ಮುಂದೆ ಹೇಳಿದ್ದು. ಎಷ್ಟು ಸಲ ಓದಿರಬಹುದು ಇದನ್ನು. ಯೂದನ ಮೇಲೆಯೇ ಕಣ್ಣಿಟ್ಟು ಓದಿದ್ದಳು, ಎಲ್ಲರೂ ಅವನನ್ನೇ ನೋಡುತ್ತಾರೆ. ಈ ಸಲ ಕಣ್ಣು ಅವನ ಎದುರು ನಿಂತವರ ಮೇಲೆ ಬಿತ್ತು. ಅದರಿಂದ ನಮಗೇನಾಗಬೇಕು, ಅದು ನಿನ್ನ ಪಾಡು, ನೀನೇ ನೋಡಿಕೋ ಎಂದರಂತೆ ಅವರು. ಅವರೂ ಅವಸರದಲ್ಲಿದ್ದಿರಬೇಕು, ಹಬ್ಬದ ಹೊತ್ತು, ಶುಭ್ರ ಬಟ್ಟೆ, ಎಲ್ಲಿಗೋ ಹೋಗುವುದಿತ್ತು. ವಿದ್ಯಾವತಿಗೆ ಇಸ್ತ್ರಿಯ ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು, ಈ ಕೋಣೆಯಲ್ಲಿ ಇಸ್ತ್ರಿ ಇರಲಿಲ್ಲ. ತನ್ನ ಮಾತನ್ನು, ತನ್ನ ಅಡುಗೆಮನೆಯಲ್ಲಿ, ತನ್ನ ಬಾಯಿಯಿಂದ ಬಂದದ್ದನ್ನು, ತಾನು ಹುಟ್ಟುವ ಎಷ್ಟೋ ಮೊದಲು ಯಾರೋ ಕೇಳಿ ಬರೆದಿಟ್ಟಿದ್ದರು.

"ಯಾಕ ನಿಂತಿ?"

"ಅಕ್ಷರ ಸಣ್ಣವು ಕಾಕು."

"ನಿಂತು ನಿಂತು ಓದು, ಅವಸರಿಲ್ಲ."

ಉಳಿದದ್ದನ್ನು ಓದಿದಳು. ಅವನು ಬೆಳ್ಳಿಯನ್ನು ದೇವಾಲಯದಲ್ಲಿ ಬಿಸಾಡಿದ್ದು, ಹೊರಟು ಹೋದದ್ದು, ಆಮೇಲಿನದು. ಒಂದೇ ಸಾಲು. ನಿಂತರೆ ಮುಂದೆ ಹೋಗಲಾರೆ ಎಂದು ಕೆಳಗಿನ ಸಾಲಿಗೂ ಹೋಗುತ್ತಿದ್ದಳು, ಕಮಲಾಬಾಯಿ ಕೈ ಅಡ್ಡ ಇಟ್ಟಳು.

"ಅಷ್ಟೇ?"

"ಅಷ್ಟೇ."

ಕಿಟಕಿಯಾಚೆ ಯಾರದೋ ಮನೆಯ ಕುಕ್ಕರ್ ಕೂಗಿ ನಿಂತಿತು. "ಅಷ್ಟು ದೊಡ್ಡ ಗುಡ್ಯಾಗ ಅಷ್ಟು ಮಂದಿ ಇದ್ರು," ಎಂದಳು ಮುದುಕಿ, ತನ್ನಷ್ಟಕ್ಕೇ ಎಂಬ ಹಾಗೆ, "ಒಬ್ಬರೂ ಕೂಡಪ್ಪ ಅನ್ಲಿಲ್ಲ. ಹೇಳ್ಲಾಕ ಬಂದಿದ್ದ ಪಾಪ. ಒಂದು ಗಳಿಗಿ ಕೂಡಿಸಿಕೊಂಡಿದ್ರ..." ಪುಸ್ತಕದೊಳಗೆ ಬೆರಳಾಡಿಸಿ ಟಿಕೀಟು ಇದೆಯೇ ಎಂದು ನೋಡಿಕೊಂಡಳು. "ಅವನೂ ಯಾರದೋ ಮನಿಗಿ ಹೋಗಿದ್ನಲ್ಲ ವಿದ್ಯಾ. ಅವರು ಕೂಡಿಸಿಕೊಂಡ್ರೋ ಇಲ್ಲೋ. ಭಾನುವಾರ ಬರ್ತೀನಿ ಅಂತ ನಿನ್ನ ಗಂಡಗ ಹೇಳು. ಆದ್ರ ಭೋಜನ ತೊಗೊಳ್ಳೂದಿಲ್ಲ. ಕ್ಷಮಾ ಮಾಡಿ ಬಾ ಅಂತಾನ ಯೇಸಪ್ಪ. ಯಾರಿಗಿ ಮಾಡ್ಲಿ? ಹೆಸರು ಗೊತ್ತಿಲ್ಲ, ಮಾರಿ ಗೊತ್ತಿಲ್ಲ. ಗಾಳಿಗಿ ಕ್ಷಮಾ ಮಾಡ್ಲಾಕ ಬರ್ತದೇನು?"

ವಿದ್ಯಾವತಿ ಪುಸ್ತಕ ಮುಚ್ಚಿದಳು. ಈಗ, ಈಗಲೇ, ಎಂದುಕೊಂಡಳು. ಒಂದು ಉಸಿರು ಎಳೆದುಕೊಂಡರೆ ಸಾಕಿತ್ತು. ಉಸಿರು ಎಳೆದುಕೊಂಡು, "ನೀರು ಕೊಡ್ಲೇನು ಕಾಕು?" ಎಂದಳು. ಕೊಟ್ಟಳು. ಮುದುಕಿ ಕುಡಿದು ಲೋಟ ವಾಪಸು ಕೊಡುವಾಗ ಕುರುಡುಗಣ್ಣು ಅವಳ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತೋ, ಅಥವಾ ಕಾಣದ ಕಣ್ಣು ಎಲ್ಲಿ ನಿಂತರೂ ಹಾಗೇ ಅನಿಸುತ್ತದೋ.

ಬರುವ ಬಸ್ಸಿನಲ್ಲಿ ಪಾಳಿ ಬಿಟ್ಟ ಜನ, ಕೂರಲು ಜಾಗವಿಲ್ಲ. ಕಂಬಿ ಹಿಡಿದು ನಿಂತವಳಿಗೆ ಭಾನುವಾರದ ಹಾಲ್ ಕಣ್ಣ ಮುಂದೆ ಬಂತು. ಪಾಠ ಮುಗಿದ ಮೇಲೆ ತಾನು ಏಳುತ್ತೇನೆ. ಸುಳ್ಳು ಓದಿದ್ದು ನಾನು ಎನ್ನುತ್ತೇನೆ. ಅಭಿಜಿತ ಬಂದದ್ದು ನನ್ನ ಮನೆಗೆ ಎನ್ನುತ್ತೇನೆ. ಹಾಲ್ ಸ್ತಬ್ಧವಾಗುತ್ತದೆ, ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ, ಪಾಸ್ಟರ್ ಕಣ್ಣು ಮುಚ್ಚಿ ಸ್ತೋತ್ರ ಎನ್ನುತ್ತಾರೆ, ಇಷ್ಟು ಮಂದಿಯಲ್ಲಿ ಎಂಥ ಧೈರ್ಯ ಎಂದು ಆಮೇಲೆ ಚಹಾದ ಹೊತ್ತಿಗೆ ಯಾರೋ ಕೈ ಅದುಮುತ್ತಾರೆ. ಅದುಮಿದ ಆ ಕೈಯ ಬಿಸಿಯೂ ತಾಗಿತು ಅವಳಿಗೆ. ಕಣ್ಣಲ್ಲಿ ನೀರು ಬಂದಿತ್ತು, ಹಿತವಾದ ನೀರು. ಎದುರಿನ ಸೀಟಿನವಳು ಎದ್ದು ಜಾಗ ಕೊಡಲು ಬಂದಾಗ ವಿದ್ಯಾವತಿಗೆ ತಟ್ಟನೆ ತನ್ನ ಮೇಲೆ ಹೇಸಿಕೆಯಾಯಿತು. ಆ ಹಾಲ್‌ನಲ್ಲಿ, ತಾನು ಅಷ್ಟು ಚಂದವಾಗಿ ಕಟ್ಟಿಕೊಂಡ ಆ ಹಾಲ್‌ನಲ್ಲಿ, ಕಮಲಾಬಾಯಿಯನ್ನು ಎಲ್ಲಿ ಕೂರಿಸಿದ್ದೆ ಎಂದು ಹುಡುಕಿದರೆ ಮುದುಕಿ ಎಲ್ಲೂ ಇರಲಿಲ್ಲ.

ನಲವತ್ತು ಜನರ ಮುಂದೆ ಹೇಳಿದರೆ ಅದು ಕೂಟ ಮೆಚ್ಚುವ ಸಾಕ್ಷಿಯಾಗುತ್ತದೆ. ನಲವತ್ತು ಜನರ ನಡುವೆ ಆ ಮುದುಕಿ ಕ್ಷಮಿಸದೆ ಬೇರೇನೂ ಮಾಡುವಂತಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿರುತ್ತಾರೆ. ಆ ಕೋಣೆಯಲ್ಲಾದರೆ, ಚಾಪೆಯ ಮೇಲೆ, ಇಬ್ಬರೇ ಇದ್ದಾಗ, ಅವಳು ಏಳು ನನ್ನ ಮನೆಯಿಂದ ಎನ್ನಬಹುದು. ಕೈಗೆ ಸಿಕ್ಕಿದ್ದನ್ನು ಎಸೆಯಬಹುದು. ಪುಸ್ತಕ ಕಿತ್ತುಕೊಂಡು, ಓದುವವರಿಲ್ಲದೆ ಅದು ಹಾಗೇ ಬಿದ್ದಿರಲಿ ಎನ್ನಬಹುದು. ವಾರಕ್ಕೆ ಮೂರು ಮಧ್ಯಾಹ್ನ ತನಗೆ ಹೋಗಲು ಎಲ್ಲೂ ಇರುವುದಿಲ್ಲ. ಅಥವಾ ಏನೂ ಅನ್ನದೆ ಇರಬಹುದು, ಅದು ಎಲ್ಲಕ್ಕಿಂತ ಕೆಟ್ಟದ್ದು. ಅಭಿಜಿತ ಅರ್ಧ ಚಹಾ ಬಿಟ್ಟು ಹೋದದ್ದನ್ನೂ ಹೇಳಬೇಕು. ನೆಲ ಒರೆಸಿದ್ದನ್ನೂ.

ಮನೆಯಲ್ಲಿ ವೈಜನಾಥ ಭಾನುವಾರದ ಸಣ್ಣ ಲೋಟಗಳನ್ನು ಒರೆಸಿ ಸಾಲಾಗಿ ಬೋರಲು ಹಾಕುತ್ತಿದ್ದ. ಕಾರ್ಖಾನೆಯವನ ಕೈ, ಒಂದೂ ವಾರೆಯಿರಲಿಲ್ಲ.

"ಏನಂದಳು ಮುದುಕಿ?"

"ಬರ್ತಾರಂತ."

"ನಾ ಹೇಳಿಲ್ಲ? ಎಲ್ಲಿ ಹೋಗ್ತಾಳ." ಒಂದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. "ನಾಳೆ ಊಟಾ ಆದ್ಮ್ಯಾಲ ಹಾಲ್ ಕಸಾ ಹೊಡೀಲಾಕ ಹೋಗಬೇಕು. ಹೆಂಗಸರಿಗೆಲ್ಲ ನಿನ್ನ ಹೆಸರು ಹೇಳಿ ಬಿಟ್ಟೀನಿ, ನೆನಪಿರ್ಲಿ."

"ನಾಳೆ ಮಧ್ಯಾಹ್ನ ನನಗ ಆಗೂದಿಲ್ಲ."

"ಯಾಕ? ಏನದ ನಾಳೆ?"

ಅವಳು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟಳು. ಅವನು ಮತ್ತೊಮ್ಮೆ ಕೇಳಿದ್ದು ನೀರಿನ ಸದ್ದಿನಲ್ಲಿ ಕೇಳಿಸಿತು. ಕಾಲು ತೊಳೆದುಕೊಂಡಳು, ಮುಖ ತೊಳೆದುಕೊಂಡಳು, ಒಳಗೆ ಬಂದು ನಾಳಿನ ಸಾತಪುರದ ಬಸ್ಸಿಗೆ ಚಿಲ್ಲರೆ ತೆಗೆದಿಟ್ಟು ಸಂಜೆಯ ರೊಟ್ಟಿಗೆ ಹಿಟ್ಟು ಕಲಸಲು ಕೂತಳು.